ಸಾವಿರ ಏನು ಎಂದು ಕೇಳುತ್ತಿದ್ದವರು

ಅವರು ಆ ದಿನ ಸುಳ್ಳು ಹೇಳಿದರೋ ಇಲ್ಲವೋ ನನಗೆ ಖಚಿತವಿಲ್ಲ. ಹೇಳಿದರು ಎಂದೇ ಇಷ್ಟು ವರ್ಷ ನಂಬಿಕೊಂಡು ಬಂದಿದ್ದೆ. ಮೂರು ತಿಂಗಳ ಹಿಂದೆ ಅವರು ತೀರಿಕೊಂಡಾಗ, ಶಾಲೆಯಲ್ಲಿ ನಡೆದ ಶ್ರದ್ಧಾಂಜಲಿ ಸಭೆಯಲ್ಲಿ ಮೈಕಿನ ಮುಂದೆ ನಿಂತು ಹಾಗೆಂದು ಹೇಳಿಯೂ ಬಿಟ್ಟೆ. ಜನ ಕಣ್ಣೊರೆಸಿಕೊಂಡರು. ಸಭೆ ಮುಗಿದ ಮೇಲೆ ಒಬ್ಬರು ಬಂದು, ನಡೆದದ್ದು ನಾನು ಹೇಳಿದ ಹಾಗಲ್ಲ ಎಂದರು. ಅಂದಿನಿಂದ ಅವರ ಬಗ್ಗೆ ನನಗಿರುವ ಒಂದೊಂದು ನೆನಪನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದೇನೆ. ಆದ್ದರಿಂದ ಮುಂದೆ ಬರೆಯುವುದನ್ನು ಓದುವವರು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಬೇಕು.

ಅವರು ಕೈಲಾಂಚ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನಾನು ಎಂ.ಎಸ್ಸಿ. ಮುಗಿಸಿ, ಪಿಎಚ್.ಡಿ.ಗೆ ಸೇರಿ, ಬಿಟ್ಟು, ಏನು ಮಾಡುವುದೆಂದು ತಿಳಿಯದೆ ಅಲ್ಲಿಗೆ ಗಣಿತದ ಅತಿಥಿ ಶಿಕ್ಷಕನಾಗಿ ಹೋಗಿದ್ದೆ. ಇದ್ದದ್ದು ಎರಡು ವರ್ಷಕ್ಕಿಂತ ಕಡಿಮೆ. ಆಮೇಲೆ ಚನ್ನಪಟ್ಟಣ, ಕನಕಪುರ, ಈಗ ಮಾಗಡಿ. ಎಲ್ಲಿಯೂ ನೆಲೆ ನಿಂತವನಲ್ಲ. ಇಷ್ಟು ಕಡೆ ಎಷ್ಟೋ ಜನರ ಜೊತೆ ಕೆಲಸ ಮಾಡಿದ್ದರೂ, ಅಂಗಡಿಯಲ್ಲಿ ನಿಂತು 'ಒಂದು ಕಿಲೋ ಸಕ್ಕರೆ' ಎನ್ನುವಾಗ ಇವತ್ತಿಗೂ ಬೆನ್ನ ಹಿಂದೆ ಅವರು ನಿಂತಿದ್ದಾರೇನೋ ಅನ್ನಿಸುತ್ತದೆ.

ಏಕೆಂದರೆ ಅವರ ಎದುರಿಗೆ ಯಾರೂ ಬರೀ 'ಕಿಲೋ' ಅನ್ನುವ ಹಾಗಿರಲಿಲ್ಲ. ಮಕ್ಕಳಂತೂ ಅನ್ನುವಂತೆಯೇ ಇರಲಿಲ್ಲ. ರಾಮನಗರದ ಮಾರುಕಟ್ಟೆಯಲ್ಲಿ ತರಕಾರಿಯವನನ್ನೂ ಬಿಡುತ್ತಿರಲಿಲ್ಲವಂತೆ.

"ಟೊಮಾಟೊ ಎಷ್ಟು ಕಿಲೋ ಹಾಕ್ಲಿ ಮಿಸ್ಸು?"

"ಕಿಲೋ ಅಂದ್ರೆ ಸಾವಿರ ಅಂತ ಅಷ್ಟೇ. ಸಾವಿರ ಏನು?"

"ಸಾವಿರ ಟೊಮಾಟೊನೇ ಬೇಕಾದ್ರೂ ಕೊಡ್ತೀನಿ. ಗಾಡಿ ತಗಂಡ್ ಬಂದಿದ್ದೀರಾ?"

ಇದನ್ನು ನಾನು ಕಣ್ಣಾರೆ ಕಂಡೆನೋ, ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ ಕಂಡಂತೆ ಮಾಡಿಕೊಂಡೆನೋ ತಿಳಿಯದು. ಆ ತರಕಾರಿಯವನ ಕೆಂಪು ಟವಲ್ ಸಹ ನನಗೆ ನೆನಪಿದೆ. ಆದರೆ ಮಾರುಕಟ್ಟೆಗೆ ಅವರ ಜೊತೆ ಹೋದ ನೆನಪಿಲ್ಲ. ಟವಲ್ ಎಲ್ಲಿಂದ ಬಂತು?

ಮಿಲಿ, ಸೆಂಟಿ, ಕಿಲೋ, ಮೆಗಾ ಇವುಗಳನ್ನು ನಮ್ಮ ಪಠ್ಯಪುಸ್ತಕ ಒಂದು ಕೋಷ್ಟಕ ಹಾಕಿ ಮುಗಿಸಿಬಿಡುತ್ತದೆ. ಪರೀಕ್ಷೆಗೆ ಒಂದು ಅಂಕ. ಉಳಿದವರು ಅರ್ಧ ಪೀರಿಯಡ್‌ನಲ್ಲಿ ದಾಟುತ್ತಿದ್ದ ಆ ಕೋಷ್ಟಕಕ್ಕೆ ಅವರು ಒಂದು ವಾರ ತೆಗೆದುಕೊಳ್ಳುತ್ತಿದ್ದರು. ಮಿಲಿ ಅನ್ನುವಾಗ ಹೆಬ್ಬೆರಳು ತೋರುಬೆರಳು ಜೋಡಿಸಿ ಕಣ್ಣಿನ ಹತ್ತಿರ ತರುತ್ತಿದ್ದರು. ಮೈಕ್ರೋ ಅನ್ನುವಾಗ ಬೆರಳು ಇನ್ನೂ ಬಿಗಿಯಾಗುತ್ತಿತ್ತು. ನ್ಯಾನೋ ಬಂದಾಗ ಕೈ ಕೆಳಗಿಳಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಮಕ್ಕಳೂ ಕಣ್ಣು ಮುಚ್ಚುತ್ತಿದ್ದರು. ನಾನು ಕಾರಿಡಾರ್‌ನಲ್ಲಿ ಹಾದುಹೋಗುವಾಗ ಒಮ್ಮೆ ಇಡೀ ತರಗತಿ ಕಣ್ಣು ಮುಚ್ಚಿ ಕುಳಿತದ್ದನ್ನು ನೋಡಿ ಪ್ರಾರ್ಥನೆ ಇರಬೇಕು ಅಂದುಕೊಂಡಿದ್ದೆ.

"ಮಿಸ್, ಈ ಮೈಕ್ರೋ ಯಾತಕ್ಕೆ ಬತ್ತದೆ?" ಎಂದು ಹಿಂದಿನ ಬೆಂಚಿನವನೊಬ್ಬ ಕೇಳಿದನಂತೆ.

"ನೀನು ಮಾಡ್ಕೊಂಡು ಬರೋ ಹೋಂವರ್ಕ್ ಅಳೆಯಕ್ಕೆ."

ಹೆಕ್ಟೋ ಮತ್ತು ಡೆಕಾ ಎಂಬ ಎರಡನ್ನು ಕಂಡರೆ ಅವರಿಗೆ ಏನೋ ಕನಿಕರ. ಪುಸ್ತಕದಲ್ಲಿ ಹೆಸರಿದೆ, ಹೊರಗೆ ಯಾರೂ ಕರೆಯುವುದಿಲ್ಲ. ಅವುಗಳಿಗೂ ಒಂದು ಕೆಲಸ ಕೊಡಬೇಕೆಂದು ನೂರು ಮೀಟರ್ ಓಟವನ್ನು 'ಒಂದು ಹೆಕ್ಟೋಮೀಟರ್ ಓಟ' ಎನ್ನುತ್ತಿದ್ದರು. ನಮ್ಮ ಪಿ.ಟಿ. ಮೇಷ್ಟ್ರಿಗೆ ಇದರಿಂದ ತಲೆನೋವು. "ಮೇಡಂ, ತಾಲ್ಲೂಕು ಕ್ರೀಡಾಕೂಟದಲ್ಲಿ ನಮ್ಮ ಹುಡ್ಗಿ ಹೋಗಿ ಹೆಕ್ಟೋಮೀಟರ್‌ಗೆ ಹೆಸರು ಬರ್ಕೊಳ್ಳಿ ಅಂದವ್ಳೆ. ಅಲ್ಲಿದ್ದೋರೆಲ್ಲ ನನ್ ಮುಖ ನೋಡ್ತಾವ್ರೆ" ಎಂದು ಒಮ್ಮೆ ಗೋಳಾಡಿಕೊಂಡರು.

"ಗೆದ್ಲಾ?" ಎಂದು ಇವರು ಕೇಳಿದರು.

"ಗೆದ್ಲು."

"ಮತ್ತೇನು ಕಷ್ಟ?"

ಎಲ್ಲರಿಗೂ ಅವರು ಇಷ್ಟವಾಗುತ್ತಿದ್ದರು ಎಂದರೆ ತಪ್ಪಾಗುತ್ತದೆ. ಲೆಕ್ಕವೆಲ್ಲ ಸರಿಯಿದ್ದು ಕೊನೆಯಲ್ಲಿ ಗ್ರಾಂ, ಮೀಟರ್ ಎಂದು ಮಾನ ಬರೆಯದೆ ಬಿಟ್ಟರೆ ಸೊನ್ನೆ ಕೊಡುತ್ತಿದ್ದರು. ತಂದೆತಾಯಿಗಳು ಬಂದು ಜಗಳವಾಡುತ್ತಿದ್ದರು. "ಹನ್ನೆರಡು ಅಂತ ಬರೆದಿದ್ದಾನೆ. ಹನ್ನೆರಡು ಆನೆಯೋ ಹನ್ನೆರಡು ಇರುವೆಯೋ ನಂಗೇನು ಗೊತ್ತು?" ಎನ್ನುತ್ತಿದ್ದರು. ಹಟಮಾರಿ. ನಗುವಾಗಲೂ ಹುಬ್ಬು ಸಡಿಲವಾಗುತ್ತಿರಲಿಲ್ಲ.

ನನಗೂ ಅವರಿಗೂ ವಾದ ನಡೆಯುತ್ತಿತ್ತು. ಹತ್ತರ ಘಾತ ಬರೆದರೆ ಸಾಕು, ಕಿಲೋ, ಮಿಲಿ ಎಂಬ ಈ ಪೂರ್ವಪ್ರತ್ಯಯಗಳೆಲ್ಲ ಸೋಮಾರಿಗಳ ಅನುಕೂಲ ಎಂದು ನಾನು ಹೇಳುತ್ತಿದ್ದೆ. ವಿಶ್ವವಿದ್ಯಾಲಯದ ಗಾಳಿ ಇನ್ನೂ ಇಳಿದಿರಲಿಲ್ಲ.

"ಸರ್, ನಿಮ್ಮ ಘಾತದಿಂದ ಲೆಕ್ಕ ಸಿಗ್ತದೆ. ಕಣ್ಣಿಗೆ ಕಾಣ್ಬೇಡ್ವಾ?" ಎಂದರು ಅವರು. "ಪ್ರಿಫಿಕ್ಸು ಅಂದ್ರೆ ಕನ್ನಡಕ ಇದ್ದ ಹಾಗೆ. ಯಾವುದು ಹಾಕ್ಕೊಂಡ್ರೆ ಬದಲಾವಣೆ ಕಾಣ್ತದೋ ಅದನ್ನ ಹಾಕ್ಕೋಬೇಕು."

ಅವರ ಹುಟ್ಟೂರು ಮರಳವಾಡಿ ಕಡೆ, ರೇಷ್ಮೆ ಹುಳು ಸಾಕುವ ಒಕ್ಕಲು ಮನೆ. ಅದರಿಂದಲೇ ಇರಬೇಕು, ಅವರ ಉದಾಹರಣೆಗಳೆಲ್ಲ ಹುಳುವಿನ ಮನೆಯಿಂದ ಬರುತ್ತಿದ್ದವು. ಮೊಟ್ಟೆಯೊಡೆದು ಈಚೆ ಬಂದ ಹುಳು ಅರ್ಧ ಮಿಲಿಗ್ರಾಮೂ ಇರುವುದಿಲ್ಲ. ತಿಂಗಳು ತುಂಬುವುದರೊಳಗೆ ಅದೇ ಹುಳು ನಾಲ್ಕು ಗ್ರಾಂ ದಾಟಿ ಹಣ್ಣಾಗುತ್ತದೆ, ಗೂಡು ಕಟ್ಟುತ್ತದೆ. "ಪ್ರಪಂಚದಲ್ಲಿ ಎಷ್ಟೋ ಜನ ಮಿಲಿಗ್ರಾಂ ಅನ್ನೋದನ್ನ ನೋಡೇ ಇಲ್ಲ. ನೀವು ಅದಕ್ಕೆ ಸೊಪ್ಪು ಹಾಕಿ ಗ್ರಾಮಿಗೆ ತಂದಿದ್ದೀರಿ" ಎಂದು ಅವರು ಹೇಳಿದಾಗ, ಮನೆಯಲ್ಲಿ ಸೊಪ್ಪು ಕೊಯ್ದು ಬೆರಳು ಕಪ್ಪಾಗಿದ್ದ ಮಕ್ಕಳು ತಮ್ಮ ಬೆರಳನ್ನೇ ನೋಡಿಕೊಳ್ಳುತ್ತಿದ್ದರು. ಈ ಪಾಠ ಮಾತ್ರ ನಾನು ಬಾಗಿಲ ಹೊರಗೆ ನಿಂತು ಪೂರ್ತಿ ಕೇಳಿದ್ದೇನೆ. ಇದರಲ್ಲಿ ನನಗೆ ಅನುಮಾನವಿಲ್ಲ, ಅಥವಾ ಕಡಿಮೆ.

ಈಗ ಆ ಸುಳ್ಳಿಗೆ ಕಾರಣವಾದ ಮಗುವಿನ ವಿಷಯ.

ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಹೆಂಗಸಿನ ಮಗಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣುಮಗು. ಒಂದೂಕಾಲು ಕಿಲೋ. ರಾಮನಗರದ ಒಂದು ಆಸ್ಪತ್ರೆಯಲ್ಲಿ ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಬಾಣಂತಿಯನ್ನು ಬಿಟ್ಟರೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅಡುಗೆಯಮ್ಮನಿಗೆ ದಿನಾ ಹೋಗಿಬರಲು ಆಗುವಂತಿರಲಿಲ್ಲ. ಟೌನಿನಲ್ಲೇ ಮನೆಯಿದ್ದ ಇವರು ಬೆಳಿಗ್ಗೆ ಬಸ್ ಹತ್ತುವ ಮೊದಲು ಆಸ್ಪತ್ರೆಯ ಬಾಗಿಲಿಗೆ ಹೋಗಿ, ತಮ್ಮ ಹಳೆಯ ವಿದ್ಯಾರ್ಥಿನಿಯಾದ ನರ್ಸನ್ನು ಕೇಳಿ, ಶಾಲೆಗೆ ಸುದ್ದಿ ತರುತ್ತಿದ್ದರು.

ಮಗಳ ಅತ್ತೆಮನೆ ಕೂಟಗಲ್ಲಿನಿಂದ ಒಳಗೆ ಒಂದು ಹಳ್ಳಿ. ಆ ಅತ್ತೆಯದೇ ಮನೆಯಲ್ಲಿ ಕೊನೆಯ ಮಾತು. ವಾರ ಕಳೆಯುವಷ್ಟರಲ್ಲಿ ಆಕೆ ಕಡ್ಡಿ ಮುರಿದಂತೆ ಹೇಳಿ ಕಳಿಸಿದ್ದಳು: "ಹುಟ್ಟಿದಾಗ ಒಂದೂಕಾಲು ಕಿಲೋ ಅಂದ್ರು. ವಾರ ಆಯ್ತು, ಇನ್ನೂ ಒಂದೂಕಾಲೇ ಅಂತಾವ್ರೆ. ಮೊಕಾನೂ ತೋರ್ಸಕಿಲ್ಲ. ಅದು ಉಳಿಯೋ ಮಗು ಅಲ್ಲ. ಮನೇಗ್ ತಂದ್ಬುಡಿ, ನಮ್ ಕೈಯಲ್ಲೇ ಏನಾಯ್ತದೋ ಆಗ್ಲಿ."

ಪೆಟ್ಟಿಗೆಯಿಂದ ಈಚೆ ತಂದರೆ ಮಗು ಉಳಿಯುವುದಿಲ್ಲ ಎಂದು ಡಾಕ್ಟರ್ ಹೇಳಿದ್ದರು.

ಆಗ ಇವರು ಒಂದು ಕೆಲಸ ಮಾಡಿದರು. ಕಿಲೋ ಎಂಬ ಮಾತನ್ನೇ ತೆಗೆದುಹಾಕಿದರು. ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಹೇಳುತ್ತಿದ್ದದ್ದು ಗ್ರಾಮಿನಲ್ಲಿ ಮಾತ್ರ. "ನಿನ್ನೆಗಿಂತ ಹತ್ತು ಗ್ರಾಂ ಜಾಸ್ತಿ." ಮಾರನೆಯ ದಿನ, "ಇವತ್ತು ಹದಿನೈದು." ಕಿಲೋದಲ್ಲಿ ಅಲುಗಾಡದೆ ನಿಂತಿದ್ದ ಮಗು ಗ್ರಾಮಿನಲ್ಲಿ ದಿನದಿನವೂ ಬೆಳೆಯತೊಡಗಿತು. ಅಡುಗೆಯಮ್ಮ ಸೌಟು ಹಿಡಿದುಕೊಂಡೇ ಈಚೆ ಬಂದು, "ಹದಿನೈದ್ ಗ್ರಾಮ್ ಅಂದ್ರೆ ಎಷ್ಟಾಯ್ತದೆ ಮಿಸ್ಸು?" ಎಂದು ಕೇಳುತ್ತಿದ್ದಳು. ಇವರು ಒಗ್ಗರಣೆ ಡಬ್ಬಿಯಿಂದ ಮೂರು ಚಮಚೆಯಷ್ಟು ಸಾಸಿವೆ ತೆಗೆದು ಆಕೆಯ ಅಂಗೈಗೆ ಹಾಕಿ, "ಸುಮಾರು ಇಷ್ಟು" ಎಂದರು. ಆಕೆ ಅದನ್ನು ಒಗ್ಗರಣೆಗೆ ಹಾಕಲಿಲ್ಲ, ಸೆರಗಿಗೆ ಗಂಟು ಹಾಕಿಕೊಂಡಳು. ದಿನವೂ ಸಂಜೆ ಆ ಸುದ್ದಿ ಬೀಗಿತ್ತಿಯ ಮನೆ ಮುಟ್ಟುತ್ತಿತ್ತು. ಮಗುವನ್ನು ತರುವ ಮಾತು ಒಂದೊಂದೇ ದಿನ ಮುಂದಕ್ಕೆ ಹೋಗುತ್ತಿತ್ತು.

ಹತ್ತು ಗ್ರಾಂ ಎಂಬುದು ತೂಕದ ಯಂತ್ರದ ತಪ್ಪೂ ಇರಬಹುದಲ್ಲ ಎಂಬ ಯೋಚನೆ ನನಗೆ ಬಂದಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರೇ ಹೇಳಿದರು: "ನೀವೇನು ಯೋಚನೆ ಮಾಡ್ತಿದ್ದೀರಿ ಗೊತ್ತು ಸರ್. ಒಂದು ದಿನದ ಹತ್ತು ಗ್ರಾಂ ನಂಬಬೇಡಿ. ನಾಲ್ಕು ದಿನ ಒಂದೇ ಕಡೆ ಹೋದ್ರೆ ನಂಬಿ."

ಐದನೆಯ ದಿನವೋ ಆರನೆಯ ದಿನವೋ ತೂಕ ಇಳಿಯಿತು.

ಇಲ್ಲಿಂದ ನನ್ನ ನೆನಪು ಹೀಗಿದೆ: ಅವರು ಎಂದಿನಂತೆ ಅಡುಗೆ ಕೋಣೆಯ ಬಾಗಿಲಿಗೆ ಹೋದರು. ಅಡುಗೆಯಮ್ಮ ಸಾರು ತಿರುವುತ್ತಿದ್ದಳು. ಇವರು "ಇಪ್ಪತ್ತು ಗ್ರಾಂ ಜಾಸ್ತಿ ಆಗಿದೆ" ಎಂದರು. ಸಂಜೆ ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದಾಗ ಕನ್ನಡಕ ತೆಗೆದು ಸೀರೆಯ ಸೆರಗಿನಲ್ಲಿ ಒರೆಸುತ್ತಾ, "ಇಳಿದಿದೆ ಸರ್. ಇಪ್ಪತ್ತು ಗ್ರಾಂ ಇಳಿದಿದೆ" ಎಂದರು.

ಶ್ರದ್ಧಾಂಜಲಿ ಸಭೆಯಲ್ಲಿ ನಾನು ಹೇಳಿದ್ದು ಇದನ್ನೇ. ಮಾನ ಬಿಟ್ಟರೆ ಸೊನ್ನೆ ಕೊಡುತ್ತಿದ್ದವರು ಒಂದು ಮಗುವಿಗಾಗಿ ಒಂದೇ ಒಂದು ಸಲ ಅಳತೆ ತಪ್ಪಿಸಿದರು ಎಂದು. ಮಾತು ಚೆನ್ನಾಗಿ ಬಂತು.

ಶಾಮಿಯಾನದ ಹಿಂದಿನ ಸಾಲಿನಲ್ಲಿದ್ದ ಅಡುಗೆಯಮ್ಮ ಜನ ಚದುರಿದ ಮೇಲೆ ಹತ್ತಿರ ಬಂದರು. ಈಗ ಅಡುಗೆ ಬಿಟ್ಟಿದ್ದಾರೆ, ಮಂಡಿ ನೋವು.

"ಸಾ, ಚೆಂದಾಗ್ ಮಾತಾಡುದ್ರಿ. ಆದ್ರೆ ಹಂಗಲ್ಲ ಕಣ್ ಸಾ."

"ಹಂಗಲ್ಲ ಅಂದ್ರೆ?"

"ಮಿಸ್ಸು ಸುಳ್ ಹೇಳ್ನಿಲ್ಲ. ಇಳ್ದೈತೆ ಅಂತ್ಲೇ ಹೇಳುದ್ರು. ನಾನು ಅಲ್ಲೇ ಕುಂತ್ಕಂಡು ಅತ್ಬುಟ್ಟೆ. ಬೀಗಿತ್ತಿಗೆ ಏರೈತೆ ಅಂತ ಹೇಳ್ಬುಡ್ಲಾ ಮಿಸ್ಸು ಅಂತ ನಾನೇ ಕೇಳ್ದೆ. ಅದುಕ್ಕೆ ಬೋದ್ರು. ಇವತ್ತು ಸುಳ್ ಹೇಳುದ್ರೆ ನಾಳೆ ನಿಜ್ವಾಗ್ಲೂ ಏರ್ದಾಗ ಯಾರ್ ನಂಬ್ತಾರೆ ಅಂದ್ರು. ಅವತ್ತು ಅರ್ಧ ದಿನ ರಜಾ ಹಾಕುದ್ರು. ಊಟ ಬಡ್ಸುದ್ ಮ್ಯಾಲೆ ನನ್ನೂ ಕರ್ಕಂಡು ಬೀಗಿತ್ತಿ ಮನೇಗೇ ಹೋದ್ರು."

"ಮನೆಗೆ? ನೀವಿಬ್ಬರೂ?"

"ಊಂ. ಮಾರ್ನೇ ದಿನ ಮಗೀನ ತರಕ್ಕೆ ಆಟೋಗೂ ಹೇಳ್ಬುಟ್ಟಿದ್ರಲ್ಲ ಅವ್ರು. ಹೋಗ್ದೇ ಇದ್ರೆ ಮುಗೀತಿತ್ತು."

ಹೋದಾಗ ಆ ಮನೆಯಲ್ಲಿ ಹುಳು ಜ್ವರಕ್ಕೆ ಕುಳಿತಿದ್ದವಂತೆ. ಗೊತ್ತಿಲ್ಲದವರಿಗೆ ಹೇಳಬೇಕು: ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಆಗ ಅದು ಒಂದು ದಿನ ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು ಅಲುಗಾಡದೆ ಕೂರುತ್ತದೆ. ಅಡುಗೆಯಮ್ಮ ಆ ಮಾತುಕತೆಯನ್ನು ಇಬ್ಬರ ದನಿಯಲ್ಲೂ ನನಗೆ ಆಡಿ ತೋರಿಸಿದರು.

"ಇಪ್ಪತ್ತು ಗ್ರಾಂ ಇಳ್ದೈತೆ ಕಣಮ್ಮ. ನಾನು ಮುಚ್ಚಿಡಕಿಲ್ಲ."

"ನೋಡುದ್ರಾ? ನಾನ್ ಹೇಳ್ನಿಲ್ವಾ? ಬರೀ ಗ್ರಾಮು ಪ್ರಾಮು ಅಂತ ಕತೆ ಕಟ್ತಿದ್ರಿ."

"ನಿಮ್ ಹುಳ ಇವತ್ತು ಸೊಪ್ಪು ತಿಂದ್ವಾ?"

"ಜ್ವರಕ್ಕೆ ಕೂತಾವೆ, ಹೆಂಗ್ ತಿಂತವೆ?"

"ನಿನ್ನೆಗಿಂತ ಇವತ್ತು ತೂಕ ಕಮ್ಮಿ ಆಗಿರ್ತದಲ್ಲ."

"ಆಗಿರ್ತದೆ. ಅದುಕ್ಕೇನೀಗ?"

"ಎತ್ತಿ ತಿಪ್ಪೆಗೆ ಹಾಕ್ತೀರಾ?"

ಆ ಹೆಂಗಸು ಒಳಗೆ ಹೋಗಿ, ಆಟೋದವನಿಗೆ ಬರಬೇಡ ಅಂತ ಹೇಳಿ ಬಾ ಎಂದು ಮಗನನ್ನು ಕಳಿಸಿದಳಂತೆ.

ಕೇಳಿ ನನಗೆ ಮೊದಲು ಬಂದದ್ದು ಸಂತೋಷವಲ್ಲ. ನನ್ನ ಕತೆ ಹೋಯಿತಲ್ಲ ಎಂಬ ಸಣ್ಣ ಮುನಿಸು. ನನ್ನ ಕತೆಯಲ್ಲಿ ಕಟ್ಟುನಿಟ್ಟಿನ ಮನುಷ್ಯರು ಕರಗುತ್ತಾರೆ, ಕರಗಿದ ಮೇಲೆಯೇ ದೊಡ್ಡವರಾಗುತ್ತಾರೆ. ಅದು ನನಗೆ ಹಿತವಾಗಿತ್ತು. ಆಕೆಯ ಕತೆಯಲ್ಲಿ ಅವರು ಕರಗಲೇ ಇಲ್ಲ. ಇದ್ದ ಹಾಗೆಯೇ ಎದ್ದು, ಕೆಟ್ಟ ಸುದ್ದಿಯನ್ನು ತಾವೇ ಹೊತ್ತುಕೊಂಡು, ಅದನ್ನು ಕೇಳಲು ಕಾದಿದ್ದವರ ಮನೆಗೆ ಹೋದರು. ಇದು ಹೆಚ್ಚು ಕಷ್ಟದ ಕೆಲಸ. ಆದರೆ ಕಷ್ಟದ್ದು ಎಂಬ ಕಾರಣಕ್ಕೆ ನಿಜವಾಗಬೇಕಿಲ್ಲ. ಅಡುಗೆಯಮ್ಮನಿಗೂ ಅವರ ಮೇಲೆ ಪ್ರೀತಿ. ಪ್ರೀತಿಯೂ ಕತೆ ಕಟ್ಟುತ್ತದೆ. ಮೇಲಾಗಿ, ಆ ಸಂಜೆ ಸ್ಟಾಫ್ ರೂಮಿನಲ್ಲಿ ಅವರನ್ನು ನಾನು ನೋಡಿದ್ದೇನಲ್ಲ, ಕನ್ನಡಕ ಒರೆಸುತ್ತಿದ್ದದ್ದನ್ನು? ಮಧ್ಯಾಹ್ನವೇ ಹೋದವರು ಸಂಜೆ ಅಲ್ಲಿ ಹೇಗಿರಲು ಸಾಧ್ಯ?

ಸುಮ್ಮನಿರಲು ಆಗಲಿಲ್ಲ. ಹೋದ ತಿಂಗಳು ಅಡುಗೆಯಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಆ ಹಳ್ಳಿಗೆ ಹೋದೆ. ಬೀಗಿತ್ತಿ ಈಗ ಮುದುಕಿ. ಜಗುಲಿಯ ಮೇಲೆ ಕುಳಿತು ಹುರುಳಿ ಆರಿಸುತ್ತಿದ್ದರು. ಹೈಸ್ಕೂಲು ಓದುತ್ತಿರುವ ಎತ್ತರದ ಹುಡುಗಿಯೊಬ್ಬಳು ಕಾಫಿ ತಂದಿಟ್ಟು, ನಾನು ಯಾರೆಂದು ಅಜ್ಜಿಯ ಕಿವಿಯಲ್ಲಿ ಕೇಳಿ ಒಳಗೆ ಹೋದಳು. ಆ ಮಗು ಇವಳೇ ಎಂದು ಯಾರೂ ಹೇಳಬೇಕಾಗಿರಲಿಲ್ಲ.

"ಮಿಸ್ಸು ಅವತ್ತು ಬಂದಿದ್ದು ಗ್ಯಾಪ್ಕ ಐತಾ ಅಕ್ಕ?" ಎಂದು ಅಡುಗೆಯಮ್ಮ ಕೇಳಿದರು.

"ಇಲ್ದೇ ಏನು. ಬಂದಿದ್ರು. ಬಸ್ಸಲ್ಲಿ ಬಂದ್ರಲ್ಲ ನೀವಿಬ್ರೂ."

"ಎಲ್ ಬಸ್ಸು? ಕೂಟಗಲ್ಲಿಂದ ನಡ್ಕಂಡ್ ಬಂದೊ. ನನ್ ಚಪ್ಲಿ ಕಿತ್ತೋಗಿತ್ತು."

"ಬಸ್ಸಲ್ಲೇ ಕಣೇ. ಇಲ್ಲೇ ಅರಳಿಮರುದ್ ತಾವ್ ಇಳುದ್ರಿ. ನಾನೇ ನೋಡಿವ್ನಿ."

"ಅಯ್ಯೋ ಸುಮ್ಕಿರಕ್ಕ, ನಿನ್ಗೆ ಅಳ್ಳು ಮರ್ಳು."

ಇಬ್ಬರೂ ಬಿಡಲಿಲ್ಲ. ನಾನು ಮಧ್ಯೆ ಬಾಯಿ ಹಾಕಿ, ಅಜ್ಜಿಯನ್ನು ನೇರವಾಗಿ ಕೇಳಿದೆ. ಅವರು ಬಂದು ಏನು ಹೇಳಿದರು? ತೂಕ ಏರಿದೆ ಅಂದರಾ, ಇಳಿದಿದೆ ಅಂದರಾ? ಹುಳುವಿನ ಮಾತು ಬಂತಾ?

ಮುದುಕಿ ಹುರುಳಿಯಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದರು.

"ಅದೆಲ್ಲ ನಂಗೊತ್ತಿಲ್ಲ ಕಣಪ್ಪ. ಏನೇನೋ ಮಾತಾಡುದ್ಲು ಆಯಮ್ಮ. ಒಂದ್ ಮಾತ್ರ ಗ್ಯಾನ ಐತೆ. ಮನೇಲಿ ಹುಳ ಇದ್ವು. ಹೊರ್ಗ್‌ಲೋರ್ನ ಬಿಡಂಗಿಲ್ಲ. ನಾನು ಹೇಳೋಕ್ ಮುಂಚ್ಲೇ ಆಯಮ್ಮ ಬಾಗ್ಲಲ್ಲೇ ನಿಂತ್ಕಂಡು, ಒಸಿ ನೀರ್ ಕೊಡಿ, ಕಾಲ್ ತೊಳ್ಕತ್ತೀನಿ ಅಂದ್ಲು. ತೊಳ್ಕಂಡ್ ಮ್ಯಾಲೂ ಒಳಕ್ ಬರ್ನಿಲ್ಲ. ಅಲ್ಲೂ ನಿಮ್ ಮೊಮ್ಮಗಳ್ ತಾವ್ಕೆ ಹಿಂಗೇ ಯಾರ್ನೂ ಬಿಡಕಿಲ್ಲ ಕಣಮ್ಮ ಅಂದ್ಲು. ಆಗ ನಂಗ್ ಅನ್ನುಸ್ತು, ಇಷ್ಟ್ ಸಣ್ ಜೀವದ್ ತಾವ್ ಹೆಂಗ್ ಇರ್ಬೇಕು ಅಂತ ಇವ್ಳಿಗೆ ಗೊತ್ತೈತೆ. ಇವ್ಳು ತಡೀರಿ ಅಂದ್ರೆ ತಡೀಬೌದು ಅಂತ."

ಮೂವರ ಬಳಿ ಮೂರು ನೆನಪು. ನನ್ನದರಲ್ಲಿ ಸುಳ್ಳು, ಅಡುಗೆಯಮ್ಮನದರಲ್ಲಿ ಹುಳು, ಈ ಮುದುಕಿಯದರಲ್ಲಿ ಒಂದು ಚೊಂಬು ನೀರು. ಇವುಗಳಲ್ಲಿ ಯಾವುದಕ್ಕೂ ಸಾಕ್ಷಿ ಇಲ್ಲ. ನರ್ಸ್ ಎಲ್ಲಿಗೋ ವರ್ಗವಾಗಿ ಹೋಗಿದ್ದಾರೆ. ಮಿಸ್ಸು ಸತ್ತುಹೋಗಿದ್ದಾರೆ.

ಪರೀಕ್ಷಿಸಿ ನೋಡಬಹುದಾದದ್ದು ಒಂದೇ ಒಂದು ಉಳಿದಿತ್ತು: ಆಗ ಆ ಹಳ್ಳಿಗೆ ಬಸ್ ಇತ್ತೇ ಇಲ್ಲವೇ. ವಾಪಸ್ ಬರುವಾಗ ಕೂಟಗಲ್ಲಿನಲ್ಲಿ ಬೈಕ್ ನಿಲ್ಲಿಸಿ, ಆ ಮಾರ್ಗದಲ್ಲಿ ಮೊದಲಿನಿಂದಲೂ ಬಸ್ ಓಡಿಸಿ ನಿವೃತ್ತರಾದ ಡ್ರೈವರ್ ಒಬ್ಬರ ಮನೆ ಹುಡುಕಿ ಕೇಳಿದೆ. ಅಷ್ಟು ಸಾಲದೆಂದು ಹಳ್ಳಿಯ ಪಂಚಾಯಿತಿ ಸದಸ್ಯರಾಗಿದ್ದವರನ್ನೂ ಬೇರೆಯಾಗಿ ಕೇಳಿದೆ. ಇಬ್ಬರೂ ಒಂದೇ ಮಾತು ಹೇಳಿದರು. ಆ ಹಳ್ಳಿಗೆ ಬಸ್ ಬಂದದ್ದು ಆ ಹುಡುಗಿ ಒಂದನೇ ತರಗತಿಗೆ ಸೇರಿದ ವರ್ಷ. ಅದಕ್ಕೆ ಮೊದಲು ಕೂಟಗಲ್ಲಿನಿಂದ ಮುಂದಕ್ಕೆ ಹೋಗಬೇಕಾದವರು ನಡೆದೇ ಹೋಗಬೇಕಿತ್ತು. ಚಪ್ಪಲಿ ಕಿತ್ತುಹೋಗಿದ್ದ ಅಡುಗೆಯಮ್ಮನ ನೆನಪು ಅಷ್ಟರ ಮಟ್ಟಿಗೆ ಸರಿ.